ಡೋಸಿಂಗ್ ಕ್ಯಾನಿಗೆ ಆರ್‌ಎಫ್‌ಐಡಿ ಟ್ಯಾಗ್: ನನ್ನ ಅನುಭವ

ಆರ್‌ಒ (ನೀರು ಶುದ್ಧೀಕರಣ) ಘಟಕದಲ್ಲಿ ಪಂಪ್ ರಾಸಾಯನಿಕ ಎಳೆಯುವ ಡೋಸಿಂಗ್ ಕ್ಯಾನಿನಲ್ಲಿ ದ್ರವ ಎಷ್ಟು ಉಳಿದಿದೆ ಎಂದು ದೂರದಿಂದಲೇ ತಿಳಿಯಬೇಕಿತ್ತು. ನೀರಿನ ಪಕ್ಕ ಯುಎಚ್‌ಎಫ್ ಟ್ಯಾಗ್ (ಫಾಸ್ಟ್ಯಾಗ್ ಥರ, ರೀಡರ್ ರೇಡಿಯೋ ಅಲೆಯಿಂದ ಓದುವ ಚೀಟಿ) ಓದುವುದಿಲ್ಲ ಎಂಬುದು ನಮ್ಮ ಲೈನಿನವರಿಗೆಲ್ಲ ಗೊತ್ತು. ನನಗೆ ಬೇಕಾಗಿದ್ದದ್ದೇ ಅದು. ಪ್ಲಾಸ್ಟಿಕ್ ಕ್ಯಾನಿನ ಹೊರಮೈಗೆ ಮೇಲಿಂದ ಕೆಳಗೆ ಟ್ಯಾಗ್ ಸಾಲು ಕಟ್ಟಿದರೆ ದ್ರವದ ಮಟ್ಟಕ್ಕಿಂತ ಕೆಳಗಿನವು ಸಾಯುತ್ತವೆ, ಮೇಲಿನವು ಓದುತ್ತವೆ. ಸತ್ತವು ಎಷ್ಟು ಎಂದು ಎಣಿಸಿದರೆ ಮಟ್ಟ ಸಿಕ್ಕಿತು. ಇದನ್ನು ಹೇಳಿದಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯವರು "ಫ್ಲೋಟ್ ಹಾಕಿ ಬಿಡ್ರಿ ಅಣ್ಣಾರ, ಯಾಕ ತಲಿ ಕೆಡಿಸ್ಕೋತೀರಿ" ಅಂದರು. ಫ್ಲೋಟ್ ಎಂದರೆ ದ್ರವದ ಮೇಲೆ ತೇಲುವ ಮಟ್ಟದ ಸ್ವಿಚ್. ಪಾರ್ಕಿಂಗ್ ಗೇಟ್ ಕೆಲಸ ಮಾಡುವ ಗೆಳೆಯನಂತೂ "ನಡ್ಯಾಂಗಿಲ್ಲ" ಎಂದು ಪಂಥ ಕಟ್ಟಿದ್ದ. ಈಗ ಕಲಬುರಗಿ ಸುತ್ತಮುತ್ತ ನಾನು ನೋಡಿಕೊಳ್ಳುವ ಕೆಲವು ಆರ್‌ಒ ಘಟಕಗಳಲ್ಲಿ ಇದು ಒಂದು ಪೂರ್ತಿ ಬೇಸಿಗೆ ದಾಟಿ ನಡೆಯುತ್ತಿದೆ.

ಇಷ್ಟು ಯಾಕೆ ಹಟ ಹಿಡಿದೆ ಎಂದರೆ ರೊಕ್ಕ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲು. ಬೋರ್ ನೀರಿನ ಗಡಸುತನ ನಿಮಗೇ ಗೊತ್ತು. ಆಂಟಿಸ್ಕೇಲಂಟ್ (ಸುಣ್ಣ ಕಟ್ಟದಂತೆ ತಡೆಯುವ ದ್ರವ) ಕ್ಯಾನ್ ಖಾಲಿಯಾಗಿ ಪಂಪ್ ಗಾಳಿ ಎಳೆಯುತ್ತಿದ್ದರೆ ಪ್ಲಾಂಟ್ ನಿಲ್ಲುವುದಿಲ್ಲ, ನೀರು ಬರುತ್ತಲೇ ಇರುತ್ತದೆ, ಮೆಂಬ್ರೇನ್ (ನೀರು ಸೋಸುವ ಪೊರೆ) ಒಳಗೊಳಗೇ ಕಲ್ಲಾಗುತ್ತದೆ. 4040 ಅಳತೆಯ ಮೆಂಬ್ರೇನ್ ಒಂದಕ್ಕೆ 12-13 ಸಾವಿರ, ಗಂಟೆಗೆ ಸಾವಿರ ಲೀಟರಿನ ಪ್ಲಾಂಟಿಗೆ ನಾಲ್ಕು. ಕಾಂಟ್ರಾಕ್ಟಿನಲ್ಲಿ ಅದು ನನ್ನ ತಲೆಯ ಮೇಲೆ. ಆಪರೇಟರ್ ಕಾಯಿನ್ ಬಾಕ್ಸ್ ನೋಡುತ್ತಾನೆ, ಕ್ಯಾನ್ ನೋಡುವುದಿಲ್ಲ.

ಫ್ಲೋಟ್ ಹಾಕಿ ನೋಡಿದ್ದೇನೆ. ಹೈಪೋ (ಕ್ಲೋರಿನ್ ದ್ರವ) ಕ್ಯಾನಿನಲ್ಲಿ ಎರಡು ಮೂರು ತಿಂಗಳಿಗೆ ಒಳಗಿನ ತಂತಿ ಹಸಿರುಗಟ್ಟಿ ಕೈಕೊಡುತ್ತದೆ. ಜೆಎಸ್‌ಎನ್ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವುದು) ಹಾಕಿದೆ: ಅದರ ಮುಂದಿನ 20-25 ಸೆಂ.ಮೀ. ಕುರುಡು. 50 ಲೀಟರಿನ ಕ್ಯಾನಿನ ಎತ್ತರವೇ ಎರಡಡಿ ಆಸುಪಾಸು, ಅರ್ಧ ಕ್ಯಾನ್ ಅಲ್ಲೇ ಹೋಯಿತು. ಹೊರಗೆ ಅಂಟಿಸುವ ಕೆಪ್ಯಾಸಿಟಿವ್ ಸೆನ್ಸರ್ ಒಳ್ಳೆಯದೇ, ಸುಳ್ಳು ಹೇಳಲಾರೆ. ಆದರೆ ಒಂದು ಮಟ್ಟಕ್ಕೆ ಒಂದು ಸೆನ್ಸರ್, ಒಂದು ವೈರ್. ಮೂರು ಕ್ಯಾನಿಗೆ ನಾಲ್ಕು ನಾಲ್ಕು ಮಟ್ಟ ಎಂದರೆ ವೈರಿನ ಕಾಡು, ಆ ಕಾಡಿಗೆ ಇಲಿಗಳು. ಟ್ಯಾಗಿಗೆ ವೈರೂ ಇಲ್ಲ, ಬ್ಯಾಟರಿಯೂ ಇಲ್ಲ.

ರೀಡರ್ ಒಂದು ಪಾರ್ಕಿಂಗ್ ಗೇಟಿನಿಂದ ಬಿಚ್ಚಿದ್ದು, ಆಂಟೆನಾ ಸಮೇತ ಐದು ಸಾವಿರಕ್ಕೆ ಸಿಕ್ಕಿತು. ಹೊಸದಾದರೆ ಎಂಟರಿಂದ ಹತ್ತು. ಟ್ಯಾಗ್ ರೋಲ್ ತಂದರೆ ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ. ಇಎಸ್‌ಪಿ32 (ಲೆಕ್ಕ ಹಾಕುವ ಪುಟ್ಟ ಬೋರ್ಡ್), ಮೆಸೇಜ್ ಕಳಿಸುವ ಸಿಮ್ ಮಾಡ್ಯೂಲ್ ನಿಮ್ಮಲ್ಲೂ ಬಿದ್ದಿರುತ್ತವೆ. ಒಂದು ಮಾತು: ಹೊರಗಿನಿಂದ ಬಂದ ರೀಡರ್ ಎಷ್ಟೋ ಸಲ 902-928 ಮೆಗಾಹರ್ಟ್ಸ್‌ಗೆ ಸೆಟ್ ಆಗಿರುತ್ತದೆ. ನಮ್ಮಲ್ಲಿ ಅದರ ಒಂದು ಭಾಗ ಮೊಬೈಲಿನ ಜಾಗ. ಫಾಸ್ಟ್ಯಾಗ್ ನಡೆಯುವ 865-867ಕ್ಕೆ ಬದಲಿಸಿ, ಆಮೇಲೆ ಮುಂದಿನ ಕೆಲಸ.

ಟ್ಯಾಗನ್ನು ನೇರ ಕ್ಯಾನಿಗೆ ಹಚ್ಚಿದಾಗ ಮೊದಲ ಸೋಲು. ಮಟ್ಟ ಇಳಿದರೂ ಒಳಗೋಡೆಯ ತೇವಕ್ಕೇ ಟ್ಯಾಗ್ ಸತ್ತಂತಿರುತ್ತಿತ್ತು. ನಡುವೆ ದಪ್ಪ ಫೋಮ್ ಇಟ್ಟರೆ ಕ್ಯಾನ್ ತುಂಬಿದ್ದರೂ ಓದುತ್ತಿತ್ತು. ಇವೆರಡರ ನಡುವೆ ಒಂದು ದಪ್ಪ ಇದೆ, ಅಲ್ಲಿ ಮಟ್ಟ ಎರಡು ಬೆರಳು ಬದಲಾಗುವಷ್ಟರೊಳಗೆ ಟ್ಯಾಗ್ ಸತ್ತದ್ದರಿಂದ ಓದುವುದಕ್ಕೆ ಚಟ್ಟನೆ ತಿರುಗುತ್ತದೆ. ಅದನ್ನು ಹುಡುಕಲು ತಿಂಗಳುಗಟ್ಟಲೆ ಹೋದವು. ಎಷ್ಟು ಎಂ.ಎಂ., ಟ್ಯಾಗಿನ ಬೆನ್ನಿಗೆ ಏನು ಹಚ್ಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಟ್ಯಾಗ್ ಅಡ್ಡಡ್ಡ ಇರಲಿ, ಉದ್ದುದ್ದ ಇಟ್ಟರೆ ತಿರುಗುವ ಜಾಗ ಮಸುಕಾಗುತ್ತದೆ. ಒಂದಕ್ಕೊಂದು ಆರು ಸೆಂ.ಮೀ. ಆದರೂ ದೂರ ಬೇಕು, ಹತ್ತಿರವಾದರೆ ಒಂದನ್ನೊಂದು ಕೆಡಿಸುತ್ತವೆ.

ಎರಡನೆಯ ಸೋಲು ಅಂಟು. ಕ್ಯಾನಿನ ಪ್ಲಾಸ್ಟಿಕ್ಕಾದ ಎಚ್‌ಡಿಪಿಇಗೆ ಮಾಮೂಲಿ ಅಂಟು ನಿಲ್ಲುವುದಿಲ್ಲ, ಅದರ ಮೇಲೆ ನಮ್ಮ ಮೇ ತಿಂಗಳು. ತಗಡಿನ ಶೆಡ್ಡಿನೊಳಗೆ ಟೇಪೆಲ್ಲ ಬೆವರಿ ಜಾರಿ ಬಂತು. ಪರಿಹಾರ ಸಿಕ್ಕಿದ್ದು ಫ್ಲೆಕ್ಸ್ ಅಂಗಡಿಯಲ್ಲಿ. ಸನ್‌ಬೋರ್ಡ್ (ಫಲಕ ಮಾಡುವ ಗಟ್ಟಿ ಫೋಮ್ ಹಾಳೆ) ಚೂರು ಅವರು ಬಿಸಾಡುತ್ತಾರೆ. ಉದ್ದ ಪಟ್ಟಿ ಕತ್ತರಿಸಿ, ಟ್ಯಾಗ್‌ಗಳನ್ನು ಅದಕ್ಕೆ ಹಚ್ಚಿ, ಪಟ್ಟಿಯನ್ನು ಕ್ಯಾನಿಗೆ ಕೇಬಲ್ ಟೈ ಸರಪಳಿಯಿಂದ ಬಿಗಿಯುತ್ತೇನೆ. ಕ್ಯಾನ್ ಬದಲಿಸಿದರೆ ಪಟ್ಟಿ ಬಿಚ್ಚಿ ಹೊಸದಕ್ಕೆ ಕಟ್ಟಿದರಾಯಿತು.

ಇನ್ನೊಂದು ಕಾಟ ಬಹಳ ದಿನ ಕಾಡಿತು. ಕ್ಯಾನ್ ಪೂರ್ತಿ ತುಂಬಿದಾಗ ಎಲ್ಲ ಟ್ಯಾಗೂ ಸತ್ತಿರುತ್ತವೆ, ರೀಡರ್ ಕೆಟ್ಟಾಗಲೂ ಅದೇ ಚಿತ್ರ. ಅದಕ್ಕೆ ಪ್ರತಿ ಕ್ಯಾನಿನ ಪಕ್ಕ ಒಣಗಿದ ಜಾಗದಲ್ಲಿ ಒಂದು ಸಾಕ್ಷಿ ಟ್ಯಾಗ್ ಇಡುತ್ತೇನೆ. ಅದು ಓದದಿದ್ದರೆ ಮಟ್ಟದ ಲೆಕ್ಕವನ್ನೇ ಹಿಡಿಯುವುದಿಲ್ಲ. ಆಪರೇಟರ್ ನಡುವೆ ನಿಂತರೂ ಹೀಗೇ ಆಗುತ್ತದೆ, ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರೇ ಅಲ್ಲವೇ. ಹಾಗಾಗಿ ಒಂದು ಓದಿಗೆ ಬೆಲೆ ಕೊಡಬೇಡಿ. ನಾನು ಹತ್ತು ನಿಮಿಷದಲ್ಲಿ ಎಷ್ಟು ಸಲ ಓದಿತು ಎಂದು ಎಣಿಸಿ, ಅಂಥ ಮೂರು ಸುತ್ತು ಒಂದೇ ಉತ್ತರ ಕೊಟ್ಟರೆ ಮಾತ್ರ ಮೆಸೇಜ್ ಕಳಿಸುತ್ತೇನೆ. ಆಂಟಿಸ್ಕೇಲಂಟ್ ಇಳಿಯುವುದು ದಿನಗಟ್ಟಲೆ, ಅವಸರವೇನಿಲ್ಲ.

ಈ ನಡುವೆ ಕಪನೂರಿನ ಒಂದು ದಾಲ್ ಮಿಲ್ಲಿನವರು ತೊಗರಿಗೆ ಹಚ್ಚುವ ಎಣ್ಣೆಯ ಡ್ರಮ್ಮಿಗೂ ಮಾಡಿಕೊಡಿ ಎಂದರು. ಎಣ್ಣೆಯಲ್ಲಿ ಟ್ಯಾಗ್ ಸಾಯುವುದೇ ಇಲ್ಲ. ನೀರಿನ ಡೈಎಲೆಕ್ಟ್ರಿಕ್ ಬೆಲೆ (ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 80ರ ಹತ್ತಿರ, ಎಣ್ಣೆಯದು ಬರೀ 3ರ ಸುಮಾರು, ಕ್ಯಾನಿನ ಪ್ಲಾಸ್ಟಿಕ್ಕೇ 2ರ ಮೇಲಿದೆ. ಮನೆಯಲ್ಲಿದ್ದ ಕುಸುಬಿ ಎಣ್ಣೆಯ ಡಬ್ಬಿಯಲ್ಲಿ ಸಿಗ್ನಲ್ ಬಲ ಮೂರು ನಾಲ್ಕು ಡಿಬಿ (ಡೆಸಿಬೆಲ್) ಅಲುಗಿತು, ಬಾಗಿಲು ತೆರೆದರೂ ಅಷ್ಟೇ ಅಲುಗುತ್ತದೆ. ಕೈಬಿಟ್ಟೆ. ಹಾಲಿನ ಕ್ಯಾನ್ ಪ್ಲಾಸ್ಟಿಕ್ಕಾದರೆ ನೀರಿನಂತೆಯೇ ನಡೆಯಿತು, ಸ್ಟೀಲ್ ಕ್ಯಾನಿಗೆ ಈ ದಾರಿಯೇ ಇಲ್ಲ. ಕಾರಿನ ಗಾಜಿಗೆ ಹಚ್ಚುವ ಟ್ಯಾಗೂ ನೋಡಿದೆ. ಗಾಜಿಗೆಂದೇ ಟ್ಯೂನ್ ಆದದ್ದು, ಖಾಲಿ ಕ್ಯಾನಿನ ಮೇಲೂ ಮಂಕಾಗಿತ್ತು.

ಒಟ್ಟು ಖರ್ಚು ಪ್ಲಾಂಟಿಗೆ ಒಂಬತ್ತೂವರೆಯಿಂದ ಹನ್ನೊಂದೂವರೆ ಸಾವಿರ, ಹಳೆಯ ರೀಡರ್ ಸಿಕ್ಕರೆ ಆರೂವರೆ. ಇದನ್ನು ಹಾಕಿದ ಕಡೆ ಕ್ಯಾನ್ ಖಾಲಿಯಾಗಿ ಮೆಂಬ್ರೇನ್ ಹೋಗಿದ್ದು ಇಲ್ಲ. ಪಂಥ ಕಟ್ಟಿದ ಗೆಳೆಯ ಈಗ ತನ್ನ ಫಿನಾಯಿಲ್ ಗೋದಾಮಿನ ಗಿರಾಕಿಗೆ ಪಟ್ಟಿ ಕೇಳುತ್ತಿದ್ದಾನೆ. ಅಲ್ಲಿ ಕ್ಯಾನ್ ಮೇಲೆ ಕ್ಯಾನ್ ಪೇರಿಸಿಟ್ಟಿದ್ದಾರೆ, ಹಿಂದಿನ ಸಾಲಿನ ಟ್ಯಾಗಿಗೆ ಮುಂದಿನ ಸಾಲಿನ ದ್ರವವೇ ಅಡ್ಡ. ಆಂಟೆನಾವನ್ನು ಮೇಲಿಂದ ತೂಗುಹಾಕಿ ಪರೀಕ್ಷೆ ನಡೆಸಿದ್ದೇನೆ, ಮುಂದಿನ ಎರಡು ಸಾಲು ಸರಿ ಓದುತ್ತಿವೆ, ಮೂರನೆಯದು ಇನ್ನೂ ಹಿಡಿತಕ್ಕೆ ಬಂದಿಲ್ಲ.