ಸ್ಕಾಟ್ಲೆಂಡ್ ಮೂಲ ಹುಡುಕ್ತಿದ್ದೀರಾ? ಮೊದಲು ಪುಕ್ಕಟೆ ದಾಖಲೆ ಜಾಲಾಡಿ

ಸ್ಕಾಟ್ಲೆಂಡ್ ಮೂಲದ ಅಳಿಯನೋ ಸೊಸೆಯೋ ಮನೆಗೆ ಬಂದಿದ್ದು, ಅವರ ವಂಶಾವಳಿ ಹುಡುಕುವ ಆಸೆ ಇದ್ದರೆ ಇದು ನಿಮಗೆ. ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರಲ್ಲಿ. ಅದಕ್ಕೂ ಹಿಂದಿನದು ಚರ್ಚ್ ರಿಜಿಸ್ಟರುಗಳಲ್ಲಿ.

ಸ್ಕಾಟ್ಲೆಂಡ್ಸ್‌ಪೀಪಲ್ ಅಲ್ಲಿನ ಸರ್ಕಾರಿ ಸೈಟು. ಖಾತೆ ತೆರೆದರೆ ಹೆಸರು ಹುಡುಕುವುದು ಪುಕ್ಕಟೆ, ಆದರೆ ಜನನ-ಮರಣ ದಾಖಲೆಯ ಚಿತ್ರ ನೋಡಲು ದುಡ್ಡು. ಹಾಗಾಗಿ ಮೊದಲು ಫ್ಯಾಮಿಲಿಸರ್ಚ್ ಮತ್ತು ಫ್ರೀಸೆನ್ (FreeCEN, ಹಳೇ ಜನಗಣತಿಯದು) ಎಂಬ ಪುಕ್ಕಟೆ ಸೈಟುಗಳಲ್ಲಿ ಜಾಲಾಡಿ, ಸರಿಯಾದ ವ್ಯಕ್ತಿ ಅಂತ ಖಾತ್ರಿಯಾದ ಮೇಲೆ ಮಾತ್ರ ಚಿತ್ರ ಕೊಳ್ಳಿ. ಜಾನ್ ಮೆಕ್‌ಡೊನಾಲ್ಡ್ ಅಂತ ಹುಡುಕಿದರೆ ರಾಶಿ ರಾಶಿ ಬರುತ್ತವೆ. ಸುಮ್ನೆ ಒಂದೊಂದಕ್ಕೂ ದುಡ್ಡು ಸುರಿಯಬೇಡಿ. ಮ್ಯಾಕ್, ಮೆಕ್ ಎರಡೂ ಸ್ಪೆಲಿಂಗ್ ಹಾಕಿ ನೋಡಿ.

ಒಂದೇ ದಾಖಲೆ ಕೊಳ್ಳೋದಾದರೆ ನನ್ನ ಓಟು ಮರಣ ದಾಖಲೆಗೆ. ಅದರಲ್ಲಿ ಸತ್ತವರ ತಂದೆ-ತಾಯಿಯ ಹೆಸರು, ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಒಂದೇ ಹಾಳೆಯಲ್ಲಿ ಒಂದು ತಲೆಮಾರು ಹಿಂದೆ ಹೋದ ಹಾಗೆ!

1841ರ ಜನಗಣತಿಯ ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ. ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. 34 ಇದ್ದವರು 30 ಆಗಿಬಿಡುತ್ತಾರೆ. 1851ರದು ವಾಸಿ, ಹುಟ್ಟಿದ ಊರಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಕೂಡ ಸಿಗುತ್ತದೆ.

ಇನ್ನೊಂದು ಸುಳಿವು: ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವ ರೂಢಿ ಅಲ್ಲಿತ್ತು. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರಿಡ್ತೀವಿ ಅಲ್ವಾ? ಎಲ್ಲರೂ ಪಾಲಿಸುತ್ತಿರಲಿಲ್ಲ, ಆದರೂ ಹೆಸರು ಊಹಿಸೋಕೆ ಚೆನ್ನಾಗಿ ನೆರವಾಗುತ್ತದೆ.

ಪ್ಯಾರಿಷ್ ಸಿಕ್ಕಿದ ಮೇಲೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಹಳೇ ನಕ್ಷೆ ತೆರೆಯಿರಿ, ಅದೂ ಪುಕ್ಕಟೆ.