ಬ್ಯಾಟರಿ ಗರಗಸ ಕೊಳ್ಳುವ ಮುನ್ನ

ವಿಜಯಪುರದಲ್ಲಿ ನಾನು ಮರಗೆಲಸ ಮಾಡುತ್ತೇನೆ. 18 ವೋಲ್ಟ್ ಒಳ್ಳೆಯದೋ 20 ವೋಲ್ಟೋ ಅಂತ ಎಲ್ಲರೂ ಕೇಳುತ್ತಾರೆ. ಎರಡೂ ಒಂದೇ. ಒಳಗೆ ಸಾಲಾಗಿ ಐದೇ ಸೆಲ್. ಪೂರ್ತಿ ಚಾರ್ಜ್ ಆದಾಗ 20, ಕೆಲಸದಲ್ಲಿ 18. ನೋಡಬೇಕಾದದ್ದು ಆಂಪಿಯರ್-ಅವರ್ (Ah), ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಡ್ರಿಲ್ಲಿಗೆ 2 ಸಾಕು. ಗರಗಸಕ್ಕೆ 4 ಅಥವಾ 5 ಇರಲಿ.

ನಮ್ಮ ಬೇಸಿಗೆ ಬಿಸಿಲು ಗೊತ್ತಲ್ವಾ? ಬ್ಯಾಟರಿಯನ್ನು ತಗಡಿನ ಶೆಡ್ಡಿನಲ್ಲಿ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಚಾರ್ಜಿಗೂ ಹಾಕಬೇಡಿ, ಮೊದಲು ತಣ್ಣಗಾಗಲಿ.

ಹಲಗೆಯನ್ನು ಉದ್ದಕ್ಕೆ ಸೀಳಲು 24 ಹಲ್ಲಿನ ಬ್ಲೇಡ್, ಪ್ಲೈವುಡ್‌ಗೆ 40 ಅಥವಾ ಜಾಸ್ತಿ. ಪ್ಲೈವುಡ್‌ನ ಚಂದದ ಮುಖ ಕೆಳಗಿರಲಿ. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಚಕ್ಕೆ ಏಳುವುದು ಮೇಲ್ಮುಖದಲ್ಲೇ. ಬ್ಲೇಡ್ ಬದಲಿಸುವಾಗ ಬ್ಯಾಟರಿ ತೆಗೆದಿಡಿ, ದಯವಿಟ್ಟು.