ಮೊರದಲ್ಲಿ ಬೇಳೆ, ಕಣ್ಣಿಗೆ ಪಟ್ಟಿ

ನಾನು ರಾಯಚೂರಿನಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವನು. ಒಮ್ಮೆ ಮಾನ್ವಿ ಕಡೆಯ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಎಡಗಣ್ಣು 6/6, ಅಂದರೆ ಪೂರ್ತಿ ಸರಿ. ಬಲಗಣ್ಣಿಗೆ ಪ್ಲಸ್ ನಂಬರ್ ಜಾಸ್ತಿ. ಕನ್ನಡಕ ಕೊಟ್ಟು ಕೆಲವು ತಿಂಗಳು ಕಾದರೂ 6/24ಕ್ಕೇ ನಿಂತಿತು: ಸರಿಯಾದ ಕಣ್ಣು 24 ಮೀಟರಿನಿಂದ ಓದುವುದನ್ನು ಇದು 6 ಮೀಟರಿನಿಂದ ಓದುತ್ತಿತ್ತು. ಸೋಮಾರಿ ಕಣ್ಣು ಅಂತೀವಲ್ಲ, ಅದೇ. ಹೆಸರು ಕಣ್ಣಿನದ್ದು, ತೊಂದರೆ ಮಿದುಳಿನದ್ದು.

ಸೋಮಾರಿ ಕಣ್ಣು ಕೆಲಸ ಮಾಡಲಿ ಅಂತ ಒಳ್ಳೆ ಕಣ್ಣಿಗೆ ದಿನಾ 2 ಗಂಟೆ ಪಟ್ಟಿ ಹಾಕಿ ಅಂದೆ. ಎರಡು ತಿಂಗಳಾದರೂ ಅಕ್ಷರದ ಚಾರ್ಟಿನಲ್ಲಿ ಒಂದು ಸಾಲೂ ಮುಂದೆ ಹೋಗಲಿಲ್ಲ.

"ಪಟ್ಟಿ ದಿನಾ ಹಾಕ್ತೀರಿಲ್ಲಮ್ಮ?"

"ಹಾಕ್ತೀನ್ರಿ ಸರ. ಮಧ್ಯಾಹ್ನ ಉಂಡ ಮ್ಯಾಲ. ಹಾಕಿದ ಕೂಡ್ಲೆ ಮಲಗಿಬಿಡ್ತಾಳ್ರಿ."

ತಪ್ಪು ನನ್ನದೇ. ಎಷ್ಟು ಹೊತ್ತು ಅಂತ ಹೇಳಿದ್ದೆ, ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಹೇಳಿರಲಿಲ್ಲ.

ಕಣ್ಣಿನ ಸುದ್ದಿ ಮೊದಲು ಮಿದುಳಿನ ನಡುವಿನ ಥಲಾಮಸ್‌ಗೆ ಹೋಗಿ, ಅಲ್ಲಿಂದ ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್ (ನೋಟದ ಕೆಲಸ ಮಾಡುವ ಮಿದುಳಿನ ಹೊರಪದರ) ತಲುಪುತ್ತದೆ. ಆದರೆ ಅಲ್ಲಿನ ನರಕೋಶಗಳು ಬದಲಾಗಬೇಕಾದರೆ ಸುದ್ದಿ ಬಂದರಷ್ಟೇ ಸಾಲದು. ಮಿದುಳಿನ ಬುಡದ ಭಾಗಗಳಿಂದ ಅಸೆಟೈಲ್‌ಕೋಲಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳೂ ಬರಬೇಕು. ಎಚ್ಚರ, ಆಸಕ್ತಿ ಇದ್ದಾಗ ಇವು ಜಾಸ್ತಿ. 1986ರಲ್ಲಿ ಬೇರ್ ಮತ್ತು ಸಿಂಗರ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳಲ್ಲಿ ಇದನ್ನು ನೋಡಿದರು. ಒಂದು ಕಣ್ಣು ಮುಚ್ಚಿದರೆ ಕಾರ್ಟೆಕ್ಸ್ ತೆರೆದ ಕಣ್ಣಿನ ಕಡೆ ವಾಲುತ್ತದೆ. ಈ ಎರಡು ರಾಸಾಯನಿಕಗಳು ಬರುವ ನರದ ದಾರಿಗಳಲ್ಲಿ ಒಂದನ್ನು ಕಡಿದರೂ ಹಾಗೇ ವಾಲಿತು. ಎರಡನ್ನೂ ಕಡಿದಾಗ ವಾಲುವುದು ಕಡಿಮೆಯಾಯಿತು. ಬೆಕ್ಕಿನ ಮರಿಯ ಮಾತನ್ನು ಮಗುವಿಗೆ ನೇರ ಅನ್ವಯಿಸುವಂತಿಲ್ಲ. ಆದರೂ ಪಟ್ಟಿ ಕಟ್ಟಿ ಸುಮ್ನೆ ಕೂರಿಸಬಾರದು ಅಂತ ನನಗೆ ಅನ್ನಿಸಿದ್ದು ಇದರಿಂದಲೇ.

"ಮನ್ಯಾಗ ಇಕಿಗಿ ಏನು ಇಷ್ಟರೀ?" ಅಂದೆ. "ನಾ ಅಕ್ಕಿ ಹಸನ ಮಾಡುವಾಗ ಬಂದು ಕೈ ಹಾಕ್ತಾಳ್ರಿ."

ಸರಿ, ಅದೇ ಆಗಲಿ ಅಂದೆ. ತೊಗರಿಬೇಳೆ, ಹೆಸರುಬೇಳೆ ಒಂದೊಂದು ಹಿಡಿ ಮೊರಕ್ಕೆ ಸುರಿದು ಬೆರೆಸುವುದು. ಎರಡೂ ಹಳದಿ. ತೊಗರಿ ದುಂಡಗೆ, ಹೆಸರು ಸಣ್ಣದು, ಸ್ವಲ್ಪ ಉದ್ದ. ಪಟ್ಟಿ ಹಾಕಿಕೊಂಡು ಬೇರೆ ಬೇರೆ ಬಟ್ಟಲಿಗೆ ಹಾಕಬೇಕು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಬೇಜಾರಾದರೆ ಸೂಜಿಮಣಿ ಪೋಣಿಸುವುದು. ಮೊದಲ ವಾರ ಮಗು ಮೊರವನ್ನೇ ಮೂಗಿನ ಹತ್ತಿರ ಎತ್ತಿಕೊಳ್ಳುತ್ತಿತ್ತಂತೆ.

ಮೂರು ತಿಂಗಳಿಗೆ 6/12. ಬೇಳೆಯಿಂದಲೇ ಆಯ್ತು ಅನ್ನಲಾರೆ. ಕಣ್ಣು ತೆರೆದಿದ್ದಾಗ ಪಟ್ಟಿ ಬಿದ್ದದ್ದೇ ಆಗ ಮೊದಲು, ಅಲ್ವಾ?

ಕಳೆದ ಸಲ ಬಂದಾಗ ಹುಡುಗಿ ದೂರು ಹೇಳಿದಳು: "ಸರ, ಅಜ್ಜಿ ಹಸನ ಮಾಡಿದ ಅಕ್ಕ್ಯಾಗ ಇನ್ನಾ ಮೂರು ಕಲ್ಲು ಇದ್ದವ್ರಿ."